ಮೆಣಸಿನಕಾಯಿ ಕೆಲಸವೇ? ಕೈ ಜೋಪಾನ!

ನಾಲಿಗೆಗೆ ಖಾರ ಬೇಕು, ಕೈಗೆ ಮಾತ್ರ ಬೇಡ. ಕೈ ಉರಿಯದ ಹಾಗೆ ಮೆಣಸಿನಕಾಯಿ ಬಿಡಿಸುವುದು, ಹೆಚ್ಚುವುದು, ಅರೆಯುವುದು ಹೇಗೆ? ಉರಿ ಹತ್ತಿಬಿಟ್ಟರೆ ಏನು ಮಾಡಬೇಕು, ಏನು ಮಾಡಬಾರದು?

ಬಿಸಿಲು ಏರುತ್ತಿದ್ದ ಹಾಗೇ ನಮ್ಮ ಮನೆಗಳಲ್ಲಿ ಮೆಣಸಿನಕಾಯಿ ಕೆಲಸ ಶುರುವಾಗುತ್ತದೆ. ವರ್ಷಕ್ಕಾಗುವಷ್ಟು ಸಾರಿನಪುಡಿ, ಹುಳಿಪುಡಿ, ಖಾರದಪುಡಿ ಆಗಬೇಕು. ಹಸಿಮೆಣಸಿನಕಾಯಿ ಸೀಳಿ ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಒಣಗಿಸಬೇಕು. ಉತ್ತರ ಕರ್ನಾಟಕದವರ ಮನೆಯಾದರೆ ಕೆಂಪು ಹಣ್ಣುಮೆಣಸಿನಕಾಯಿಯ ರಂಜಕ ಆಗಲೇಬೇಕು. ಇವೆಲ್ಲ ವರ್ಷಕ್ಕೊಮ್ಮೆ ಬರುವ ಕೆಲಸ. ದಿನವೂ ಇರುವುದು ಇನ್ನೊಂದು: ಬೆಳಗ್ಗೆ ಉಪ್ಪಿಟ್ಟಿಗೆ ನಾಲ್ಕು, ಚಟ್ನಿಗೆ ಆರು, ಸಂಜೆ ಮಳೆ ಬಂತೆಂದರೆ ಬಜ್ಜಿಗೆ ಕಾಲು ಕೆ.ಜಿ.!

ನಾಲ್ಕು ಮೆಣಸಿನಕಾಯಿ ಹೆಚ್ಚಿದಾಗ ಏನೂ ಅನಿಸುವುದಿಲ್ಲ. ಕಾಲು ಕೆ.ಜಿ. ಸೀಳಿ, ಒಳಗಿನದನ್ನು ಕೆರೆದು ತೆಗೆದಾಗ ಗೊತ್ತಾಗುತ್ತದೆ. ಅದೂ ತಕ್ಷಣ ಅಲ್ಲ. ಕೆಲಸ ಮುಗಿಸಿ, ಕೈ ತೊಳೆದು, ಟೀವಿ ಮುಂದೆ ಕೂತ ಮೇಲೆ ಬೆರಳ ತುದಿಯಲ್ಲಿ ಚುರುಚುರು. ಆಮೇಲೆ ಉಗುರಿನ ಸಂದಿಯಲ್ಲಿ. ರಾತ್ರಿ ಮಲಗುವ ಹೊತ್ತಿಗೆ ಅಂಗೈಯೆಲ್ಲ ಕೆಂಡ. ಎಷ್ಟು ತೊಳೆದರೂ ಹೋಗುವುದಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರವೂ ಗೊತ್ತೇ ಇದೆ, 'ಮೆಣಸಿನಕಾಯಿ ಮುಟ್ಟಿದರೆ ಉರಿಯದೇ ಇನ್ನೇನು? ಅಭ್ಯಾಸ ಆಗುತ್ತೆ ಬಿಡು!'

ಇದು ಅಭ್ಯಾಸ ಮಾಡಿಕೊಳ್ಳಬೇಕಾದ ನೋವಲ್ಲ. ವೈದ್ಯರೂ ಇದನ್ನು ಗುರುತಿಸಿದ್ದಾರೆ. 1981ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಈ ಉರಿಗೆ 'ಹುನಾನ್ ಹ್ಯಾಂಡ್' ಅಂತ ಹೆಸರಿಟ್ಟು ಬರೆದಿತ್ತು. ಖಾರದ ಅಡುಗೆಗೆ ಹೆಸರಾದ ಚೀನಾದ ಹುನಾನ್ ಪ್ರಾಂತ್ಯದಿಂದ ಬಂದ ಹೆಸರು ಅದು. ನಮ್ಮ ಅಮ್ಮ, ಅಜ್ಜಿಯಂದಿರ ಕೈಗೆ ಹೆಸರಿಡುವವರು ಯಾರೂ ಇರಲಿಲ್ಲ, ಅಷ್ಟೇ!

ಉರಿ ಎಲ್ಲಿಂದ ಬರುತ್ತದೆ?

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಖಾರವೆಲ್ಲ ಬೀಜದಲ್ಲಿದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದು ಪೂರ್ತಿ ಸರಿಯಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿದೆ ನೋಡಿ, ಖಾರ ತಯಾರಾಗುವುದು ಅಲ್ಲಿ. ಅದಕ್ಕೆ ತಗುಲಿಕೊಂಡಿರುವುದರಿಂದ ಬೀಜಕ್ಕೂ ಖಾರ ಮೆತ್ತಿರುತ್ತದೆ. ಬಜ್ಜಿಗೆ, ಬಾಳಕಕ್ಕೆ ಒಳಗಿನದನ್ನು ಬೆರಳಲ್ಲಿ ಕೆರೆದು ತೆಗೆಯುವವರ ಕೈ ಹೆಚ್ಚು ಉರಿಯುವುದು ಇದೇ ಕಾರಣಕ್ಕೆ.

ನಮ್ಮ ಚರ್ಮದಲ್ಲಿ 'ಬಿಸಿ ತಾಗಿತು' ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅವು ಎಚ್ಚರಗೊಳ್ಳುತ್ತವೆ. ಕ್ಯಾಪ್ಸೈಸಿನ್ ಹೋಗಿ ಕೂರುವುದು ಅದೇ ಜಾಗದಲ್ಲಿ. ಬೆಂಕಿಯಿಲ್ಲದಿದ್ದರೂ ಮೆದುಳಿಗೆ 'ಕೈ ಸುಡುತ್ತಿದೆ' ಎಂದೇ ಸುದ್ದಿ ಹೋಗುತ್ತದೆ. 1997ರಲ್ಲಿ ಈ ಗುಟ್ಟನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ಹುಡುಕಾಟಕ್ಕೆ ಬಳಸಿದ್ದೇ ಮೆಣಸಿನಕಾಯಿಯ ಖಾರವನ್ನು!

ಇದರಲ್ಲಿ ನಮಗೆ ಬೇಕಾದ ಎರಡು ಪಾಠಗಳಿವೆ. ಒಂದು, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನಲ್ಲಿ ಕೆಳಗೆ ಕೈ ಹಿಡಿದು ನಿಂತರೆ ಹೋಗದಿರುವುದು ಅದಕ್ಕೇ. ಎರಡು, ಬಿಸಿ ಗುರುತಿಸುವ ನರವೇ ಕೆರಳಿರುವಾಗ ಬಿಸಿನೀರು ತಾಗಿದರೆ ಉರಿ ಇನ್ನೂ ಹೆಚ್ಚುತ್ತದೆ. 'ಬಿಸಿನೀರಲ್ಲಿ ಕೈ ತೊಳಿ, ಹೋಗುತ್ತೆ' ಎನ್ನುವ ಸಲಹೆಯನ್ನು ಇನ್ನು ಮೇಲೆ ಕೇಳಬೇಡಿ.

ಯಾವ ಮೆಣಸಿನಕಾಯಿ, ಎಷ್ಟು ಖಾರ?

1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯುವ ದಾರಿಯೊಂದನ್ನು ಹುಡುಕಿದ. ಖಾರವನ್ನು ಸಕ್ಕರೆ ನೀರಿನಲ್ಲಿ ಬೆರೆಸುತ್ತಾ, ನಾಲಿಗೆಗೆ ಖಾರ ಗೊತ್ತೇ ಆಗದಷ್ಟು ತೆಳುವಾಗಲು ಎಷ್ಟು ಪಟ್ಟು ನೀರು ಬೇಕು ಎಂದು ಲೆಕ್ಕ ಹಾಕುವುದು. ಇವತ್ತು ಯಂತ್ರಗಳೇ ಅಳೆಯುತ್ತವೆ, ಹೆಸರು ಮಾತ್ರ ಅವನದೇ ಉಳಿದಿದೆ. ಆ ಲೆಕ್ಕದಲ್ಲಿ ದಪ್ಪ ಮೆಣಸಿನಕಾಯಿ ಸೊನ್ನೆ. ನಮ್ಮ ಬ್ಯಾಡಗಿ ನೋಡಲು ಕಡುಗೆಂಪು, ಖಾರ ಕಡಿಮೆ. ಅದರ ಬಣ್ಣಕ್ಕೆ ಎಷ್ಟು ಬೇಡಿಕೆ ಎಂದರೆ ತುಟಿರಂಗು, ಉಗುರುಬಣ್ಣದ ತಯಾರಿಕೆಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗುಂಟೂರು ಮೆಣಸಿನಕಾಯಿ ಬ್ಯಾಡಗಿಗಿಂತ ತುಂಬಾ ಖಾರ. ಮಲೆನಾಡು, ಕರಾವಳಿ ಕಡೆಯ ಜೀರಿಗೆಮೆಣಸು, ಸೂಜಿಮೆಣಸು, ಗಾಂಧಾರಿ ಮೆಣಸು ಅದಕ್ಕೂ ಮೀರಿದ್ದು. ಗಾತ್ರ ಚಿಕ್ಕದು ಅಂತ ಬರಿಗೈಯಲ್ಲಿ ಹಿಚುಕಿ ನೋಡಬೇಡಿ! ಈಶಾನ್ಯ ರಾಜ್ಯಗಳ ಭೂತ್ ಜೊಲೊಕಿಯಾ 2007ರಲ್ಲಿ ಜಗತ್ತಿನಲ್ಲೇ ಅತಿ ಖಾರದ್ದೆಂದು ಗಿನ್ನೆಸ್ ದಾಖಲೆ ಸೇರಿತ್ತು. ಅದರ ಅಳತೆ 10 ಲಕ್ಷಕ್ಕೂ ಮೇಲೆ. ಆಮೇಲೆ ಬೇರೆ ತಳಿಗಳು ಅದನ್ನು ಹಿಂದೆ ಹಾಕಿವೆ. ಯಾರಾದರೂ ಪ್ರವಾಸದಿಂದ ಅಂಥದ್ದನ್ನು ತಂದುಕೊಟ್ಟರೆ ಕೈಗವಸಿಲ್ಲದೆ ಮುಟ್ಟಲೇಬೇಡಿ.

ಅಂಗಡಿಯ ಸಾಮಾನ್ಯ ಹಸಿಮೆಣಸಿನಕಾಯಿಯಲ್ಲೂ ಒಂದು ವಾರ ಸಪ್ಪೆ, ಮುಂದಿನ ವಾರ ಜೋರು ಇರುತ್ತದೆ. ಅದಕ್ಕೇ 'ಹೋದ ಸಲ ಏನೂ ಆಗಲಿಲ್ಲ' ಎಂಬ ಧೈರ್ಯ ಬೇಡ.

ಕೆಲಸಕ್ಕೆ ಕೂರುವ ಮುಂಚೆ

ಜಾಸ್ತಿ ಮೆಣಸಿನಕಾಯಿ ಇದ್ದರೆ ಐದು ನಿಮಿಷದ ಸಿದ್ಧತೆ ಮಾಡಿಕೊಳ್ಳಿ.

* ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲೇ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಿ. ಖಾರದ ಕೈಯಲ್ಲಿ ಲೆನ್ಸ್ ತೆಗೆಯುವಷ್ಟು ಯಾತನೆ ಇನ್ನೊಂದಿಲ್ಲ.

* ಹಾಲು ಕುಡಿಯುವ ಮಗುವಿದ್ದರೆ ಹಾಲು ಕುಡಿಸಿ ಮಲಗಿಸಿದ ಮೇಲೆ ಕೂರಿ. ಇಲ್ಲವೇ ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಿ.

* ಬಾತ್‌ರೂಮಿಗೆ ಹೋಗಿ ಬನ್ನಿ. ಕೂದಲು ಮುಖಕ್ಕೆ ಬೀಳದಂತೆ ಕಟ್ಟಿಕೊಳ್ಳಿ. ಉಂಗುರ ತೆಗೆದಿಡಿ, ಅದರ ಅಡಿಯಲ್ಲಿ ಖಾರ ಕೂತರೆ ಸೋಪಿಗೂ ಸಿಗುವುದಿಲ್ಲ. ಬಳೆ ಮೇಲಕ್ಕೆ ಸರಿಸಿ.

* ಬೆರಳಲ್ಲಿ ಗಾಯ, ಉಗುರುಸುತ್ತು, ಬಿರುಕು ಇದ್ದರೆ ಕೈಗವಸು ಹಾಕದೆ ಮುಟ್ಟಬೇಡಿ. ಪಾತ್ರೆ, ಬಟ್ಟೆ ಸೋಪಿನಿಂದ ಕೈ ಒಡೆದಿರುವವರಿಗೂ ಇದೇ ಮಾತು.

* ಮೂಗು, ಹಣೆ ಒರೆಸಿಕೊಳ್ಳಲು ಕಾಗದದ ಕರವಸ್ತ್ರ ಪಕ್ಕದಲ್ಲಿಟ್ಟುಕೊಳ್ಳಿ. ಸೆರಗಿಗೆ, ನೈಟಿಗೆ, ದುಪಟ್ಟಾಗೆ ಕೈ ಒರೆಸುವ ಅಭ್ಯಾಸ ನಮ್ಮಲ್ಲಿ ಬಹಳ. ಅರ್ಧ ಗಂಟೆ ಬಿಟ್ಟು ಅದೇ ಸೆರಗಲ್ಲಿ ಮಗುವಿನ ಬಾಯಿ ಒರೆಸುತ್ತೇವೆ! ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಏಪ್ರನ್ ಕಟ್ಟಿಕೊಂಡರೆ ಈ ಭಯವಿಲ್ಲ.

ಕೈಗವಸು ಯಾವುದು ಒಳ್ಳೆಯದು?

ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ, ಸಾಮಾನ್ಯವಾಗಿ ನೀಲಿ ಬಣ್ಣದ ನೈಟ್ರೈಲ್ ಗ್ಲೌಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೈಗೆ ಸರಿಯಾಗಿ ಕೂರುತ್ತದೆ, ಚಾಕು ಹಿಡಿಯಲು ತೊಂದರೆಯಿಲ್ಲ. ಬಿಳಿಯ ಲೇಟೆಕ್ಸ್ ಗ್ಲೌಸ್ ಸ್ವಲ್ಪ ಹೊತ್ತಿನ ಕೆಲಸಕ್ಕೆ ಸಾಕು, ಆದರೆ ತುಂಬ ಹೊತ್ತಾದರೆ ಖಾರ ಅದರೊಳಗೂ ಇಳಿಯಬಹುದು. ಕೆಲವರ ಚರ್ಮಕ್ಕೆ ಲೇಟೆಕ್ಸ್ ಒಗ್ಗುವುದೂ ಇಲ್ಲ. ಹೋಟೆಲುಗಳಲ್ಲಿ ಬಳಸುವ ತೆಳು ಪ್ಲಾಸ್ಟಿಕ್ ಗ್ಲೌಸ್ ಸಡಿಲ, ಜಾರುತ್ತದೆ, ಚಾಕು ಹಿಡಿದಾಗ ಜೋಕೆ. ಒಣಮೆಣಸಿನಕಾಯಿ ತೊಟ್ಟು ಬಿಡಿಸಲು ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸ್ ಕೂಡ ನಡೆಯುತ್ತದೆ, ಆದರೆ ಅದಕ್ಕೆಂದೇ ಒಂದು ಜೊತೆ ಬೇರೆ ಇಡಿ. ಬಟ್ಟೆಯ ಗ್ಲೌಸ್ ಬೇಡವೇ ಬೇಡ. ಅದು ರಸ ಹೀರಿ ಚರ್ಮಕ್ಕೇ ಅಂಟಿಸುತ್ತದೆ.

ಗ್ಲೌಸ್ ಇಲ್ಲವೇ? ಎಡಗೈಗೆ ಮಾತ್ರ ಸ್ವಚ್ಛವಾದ ಪ್ಲಾಸ್ಟಿಕ್ ಕವರ್ ಹಾಕಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳಿ. ಮೆಣಸಿನಕಾಯಿ ಹಿಡಿಯುವುದು ಆ ಕೈ ತಾನೇ! ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುವುದು ಹಳೆಯ ಪದ್ಧತಿ. ಅದರಿಂದ ಸ್ವಲ್ಪ ಅನುಕೂಲವೇನೋ ಉಂಟು, ಆಮೇಲೆ ಖಾರ ತೊಳೆದು ತೆಗೆಯುವುದು ಸುಲಭವಾಗುತ್ತದೆ. ಆದರೆ ಖಾರ ಆ ಎಣ್ಣೆಯಲ್ಲೇ ಕರಗಿರುತ್ತದೆ ಎಂಬುದು ನೆನಪಿರಲಿ. ಕೆಲಸ ಮುಗಿದ ಕೂಡಲೇ ಎಣ್ಣೆಯನ್ನು ಒರೆಸಿ, ಸೋಪು ಹಚ್ಚಿ ತೊಳೆಯದಿದ್ದರೆ ಮುಟ್ಟಿದ್ದಕ್ಕೆಲ್ಲ ಖಾರ ಹತ್ತುತ್ತದೆ. ಎಣ್ಣೆ ಗ್ಲೌಸ್‌ಗೆ ಬದಲಿ ಅಲ್ಲ.

ಗ್ಲೌಸ್ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ಆಗುವ ತಪ್ಪೊಂದಿದೆ. ಅದೇ ಕೈಯಲ್ಲಿ ಫೋನ್ ಎತ್ತುವುದು, ಕನ್ನಡಕ ಸರಿಸುವುದು, ಫ್ರಿಜ್ ಬಾಗಿಲು ತೆಗೆಯುವುದು. ಆಮೇಲೆ ಬರಿಗೈಯಲ್ಲಿ ಅವನ್ನೇ ಮುಟ್ಟುತ್ತೇವೆ! ಮುಗಿದ ಮೇಲೆ ಗ್ಲೌಸ್ ಹಾಕಿದ ಕೈಯನ್ನೇ ಸೋಪಿನಲ್ಲಿ ತೊಳೆಯಿರಿ. ಮಣಿಕಟ್ಟಿನ ಕಡೆಯಿಂದ ಒಳಗಿನದು ಹೊರಗಾಗುವಂತೆ ಮಗುಚಿ ತೆಗೆಯಿರಿ. ನಂತರ ಕೈಯನ್ನೂ ಒಮ್ಮೆ ತೊಳೆಯಿರಿ.

ಮುಟ್ಟದೇ ಮಾಡುವ ಜಾಣತನ

ಹೆಚ್ಚುವಾಗ: ತೊಟ್ಟನ್ನು ಮೊದಲೇ ಮುರಿಯಬೇಡಿ. ಅದನ್ನೇ ಹಿಡಿಯಾಗಿ ಹಿಡಿದು ತುದಿಯಿಂದ ಹೆಚ್ಚುತ್ತಾ ಬನ್ನಿ, ಕೊನೆಗೆ ತೊಟ್ಟು ಬಿಸಾಡಿ. ಅಡುಗೆಮನೆ ಕತ್ತರಿಯಿದ್ದರೆ ಇನ್ನೂ ಸುಲಭ. ತೊಟ್ಟು ಹಿಡಿದು ನೇರ ಬಾಣಲೆಗೋ ಬಟ್ಟಲಿಗೋ ಕತ್ತರಿಸಬಹುದು.

ಸೀಳುವಾಗ: ಬಜ್ಜಿಗೆ, ಬಾಳಕಕ್ಕೆ ಮೆಣಸಿನಕಾಯಿಯನ್ನು ಮಣೆಯ ಮೇಲೆ ಮಲಗಿಸಿ, ಫೋರ್ಕಿನಿಂದ ಅದುಮಿ ಹಿಡಿದು ಉದ್ದಕ್ಕೆ ಸೀಳಿ. ಒಳಗಿನ ತಿರುಳನ್ನು ಚಿಕ್ಕ ಚಮಚದ ಹಿಡಿಯಿಂದ ಕೆರೆಯಿರಿ. ಉಗುರು ಹಾಕಲೇಬೇಡಿ. ಉಗುರಿನಡಿಗೆ ಹೋದ ಖಾರವೇ ಎಲ್ಲಕ್ಕಿಂತ ಕೊನೆಗೆ ಬಿಡುವುದು.

ಒಣಮೆಣಸಿನಕಾಯಿ ಬಿಡಿಸುವಾಗ: ಗರಿಗರಿ ಒಣಗಿದ ಮೇಲೆ ತೊಟ್ಟು ಮುರಿದರೆ ದೂಳು ಏಳುತ್ತದೆ, ಬೀಜ ಸಿಡಿಯುತ್ತದೆ. ತಂದ ದಿನವೇ, ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ತೊಟ್ಟು ತೆಗೆದು ಆಮೇಲೆ ಬಿಸಿಲಿಗೆ ಹಾಕಿ. ಫ್ಯಾನ್ ಆರಿಸಿ ಕೂರಿ, ಮೂಗಿಗೆ ಮಾಸ್ಕ್ ಇರಲಿ. ಮೊರದಲ್ಲಿ ಕೇರುವುದಾದರೆ ಬಾಲ್ಕನಿಯಲ್ಲಿ, ಗಾಳಿಗೆ ಬೆನ್ನು ಹಾಕಿ ನಿಂತು ಕೇರಿ. ಪಕ್ಕದ ಮನೆಯವರ ಬಟ್ಟೆ ಒಣಗುತ್ತಿದ್ದರೆ ಇನ್ನೊಂದು ದಿನ ನೋಡಿಕೊಳ್ಳಿ!

ಅರೆಯುವಾಗ: ಖಾರದಪುಡಿ ಮಾಡಿದ ಮಿಕ್ಸಿ ಮುಚ್ಚಳವನ್ನು ಕೂಡಲೇ ತೆಗೆಯಬೇಡಿ. ಹತ್ತು ನಿಮಿಷ ಬಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ. ಜಾರಿಗೆ ಮುಖ ಬಗ್ಗಿಸಿ ನೋಡಬೇಡಿ. ಬ್ಲೇಡಿನ ಸಂದಿಗೆ ಬೆರಳಿನ ಬದಲು ಚಮಚ ಹಾಕಿ.

ಹುರಿಯುವಾಗ: ಕಿಟಕಿ ತೆಗೆದಿಡಿ, ಉರಿ ಸಣ್ಣಗಿರಲಿ, ಒಂದೆರಡು ಹನಿ ಎಣ್ಣೆ ಹಾಕಿ ಹುರಿದರೆ ಘಾಟು ಕಡಿಮೆ. ಮನೆಯಲ್ಲಿ ಉಬ್ಬಸದವರು, ಎಳೆ ಮಕ್ಕಳು ಇದ್ದರೆ ಅವರನ್ನು ಹೊರಗೆ ಕಳಿಸಿದ ಮೇಲೇ ಒಲೆ ಹಚ್ಚಿ.

ತೊಳೆಯುವಾಗ: ಚಾಕು, ಮಣೆ, ಜಾರಿಗೆ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ, ಆಮೇಲೆ ತಣ್ಣೀರು ಬಿಡಿ. ಬಿಸಿನೀರು ಸುರಿದರೆ ಘಾಟು ಮುಖಕ್ಕೇ ಹೊಡೆಯುತ್ತದೆ. ಮರದ ಮಣೆ ಖಾರ ಹೀರಿಕೊಂಡಿರುತ್ತದೆ. ಅದಕ್ಕೆ ಒಂದಿಷ್ಟು ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ. ಇಲ್ಲದಿದ್ದರೆ ಸಂಜೆ ಅದೇ ಮಣೆಯಲ್ಲಿ ಹೆಚ್ಚಿದ ಸೇಬು ತಿಂದು ಮಗು 'ಖಾರ' ಅಂತ ಅಳುತ್ತದೆ.

ಉರಿ ಹತ್ತಿಬಿಟ್ಟಿದ್ದರೆ?

ನೀರೋ, ಎಣ್ಣೆಯೋ ಎಂಬ ಪ್ರಶ್ನೆಯನ್ನು 1987ರಲ್ಲಿ ಅಮೆರಿಕದ ವೈದ್ಯರು ಪರೀಕ್ಷೆ ಮಾಡಿಯೇ ನೋಡಿದ್ದರು. ಖಾರ ಹತ್ತಿದ ಕೈಯನ್ನು ತಣ್ಣೀರಿನಲ್ಲೂ ಅಡುಗೆ ಎಣ್ಣೆಯಲ್ಲೂ ಅದ್ದಿಸಿ ಹೋಲಿಸಿದರು. ತಣ್ಣೀರು ಬೇಗ ತಂಪು ಕೊಟ್ಟಿತು. ಹೆಚ್ಚು ಹೊತ್ತು ಆರಾಮ ಕೊಟ್ಟಿದ್ದು ಎಣ್ಣೆ. ನೀವು ಎರಡನ್ನೂ ಬಳಸಿಕೊಳ್ಳಿ, ಈ ಕ್ರಮದಲ್ಲಿ:

1. ಎರಡು ಚಮಚ ಅಡುಗೆ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಅಂಗೈಗೆ ಹಾಕಿಕೊಂಡು ಬೆರಳ ಸಂದಿ, ಉಗುರಿನ ಅಂಚು, ಮಣಿಕಟ್ಟಿನವರೆಗೆ ಎರಡು ನಿಮಿಷ ಮೆಲ್ಲಗೆ ಉಜ್ಜಿ.

2. ಹಳೆಯ ಬಟ್ಟೆಯಿಂದಲೋ ಕಾಗದದಿಂದಲೋ ಪೂರ್ತಿ ಒರೆಸಿ ತೆಗೆಯಿರಿ. ಖಾರ ಈ ಎಣ್ಣೆಯ ಜೊತೆಯೇ ಹೊರಗೆ ಬರುವುದು. ಆ ಬಟ್ಟೆಯನ್ನು ಮತ್ತೆ ಬಳಸಬೇಡಿ.

3. ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ನೊರೆ ಬರುವಂತೆ ಉಜ್ಜಿ, ತಣ್ಣೀರಲ್ಲಿ ತೊಳೆಯಿರಿ. ಎಣ್ಣೆ ಜಿಡ್ಡು ತೆಗೆಯಲೆಂದೇ ಇರುವ ಲಿಕ್ವಿಡ್ ಅಲ್ಲವೇ, ಕೈಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಇಷ್ಟನ್ನೂ ಎರಡು ಮೂರು ಸಲ ಮಾಡಿ.

4. ಇನ್ನೂ ಉರಿಯುತ್ತಿದ್ದರೆ ಬಟ್ಟಲಲ್ಲಿ ತಣ್ಣನೆಯ ಹಾಲು ಅಥವಾ ಮೊಸರು ಹಾಕಿ ಹತ್ತು ಹದಿನೈದು ನಿಮಿಷ ಕೈ ಅದ್ದಿಡಿ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಖಾರವನ್ನು ಹಿಡಿದುಕೊಳ್ಳುತ್ತದೆ, ತಂಪೂ ಸೇರುತ್ತದೆ. ಆಮೇಲೆ ತೊಳೆದು ಒದ್ದೆ ಬಟ್ಟೆ ಸುತ್ತಿಕೊಳ್ಳಿ.

5. ಆ ದಿನ ಒಲೆಯ ಹತ್ತಿರ ಹೆಚ್ಚು ನಿಲ್ಲಬೇಡಿ. ಬಿಸಿನೀರ ಸ್ನಾನ, ಬಿಸಿಲು ಬೇಡ. ಹೋಯಿತು ಅಂದುಕೊಂಡ ಉರಿ ಬಿಸಿ ತಾಗಿದರೆ ವಾಪಸು ಬರುತ್ತದೆ.

ಕೆಲವು ಪ್ರಯೋಗ ಮಾಡಲೇಬೇಡಿ. ಸ್ಟೀಲ್ ನಾರಿನಿಂದ, ಬ್ರಷ್‌ನಿಂದ ತಿಕ್ಕಿದರೆ ಚರ್ಮ ಕಿತ್ತು ಉರಿ ಎರಡು ಪಟ್ಟಾಗುತ್ತದೆ. ಒಡೆದ ಕೈಗೆ ನಿಂಬೆರಸ, ಟೂತ್‌ಪೇಸ್ಟ್ ಬೇಡ. ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ ಹತ್ತಿರಕ್ಕೂ ತರಬೇಡಿ. ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್‌ಗೆ ಖಾರ ಕರಗುತ್ತದೆ ನಿಜ, ಆದರೆ ಅದು ಬೇಗ ಬೆಂಕಿ ಹತ್ತುವ ವಸ್ತು, ಅಡುಗೆಮನೆಯಲ್ಲಿ ಬೇಡ. ಐಸ್ ತುಂಡನ್ನು ನೇರ ಚರ್ಮಕ್ಕೆ ಒತ್ತಬೇಡಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಸಾಮಾನ್ಯವಾಗಿ ಉರಿ ಕೆಲವು ಗಂಟೆಗಳಲ್ಲಿ ತಾನೇ ಇಳಿಯುತ್ತದೆ. ಬೊಬ್ಬೆ ಎದ್ದರೆ, ಕೈ ಊದಿದರೆ, ಮರುದಿನವೂ ಕೆಂಪು ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಕಣ್ಣಿಗೆ ತಗುಲಿದರೆ

ಉಜ್ಜಬೇಡಿ. ಎಷ್ಟೇ ಕಷ್ಟವಾದರೂ ಉಜ್ಜಬೇಡಿ. ಮೊದಲು ಕೈಯನ್ನು ಸೋಪಿನಲ್ಲಿ ತೊಳೆದು, ಲೆನ್ಸ್ ಇದ್ದರೆ ತೆಗೆದು, ನಲ್ಲಿಯ ಸ್ವಚ್ಛ ನೀರನ್ನು ತೆರೆದ ಕಣ್ಣಿಗೆ ಮೆಲ್ಲಗೆ ಹತ್ತು ಹದಿನೈದು ನಿಮಿಷ ಬಿಡುತ್ತಿರಿ. ಕೈಯಲ್ಲಿ ಖಾರ ಉಳಿದಿದ್ದರೆ ಬೇರೆಯವರ ಸಹಾಯ ಕೇಳಿ. ಕಣ್ಣಿಗೆ ಎಣ್ಣೆ, ತುಪ್ಪ, ಹಾಲು, ಎದೆಹಾಲು ಯಾವುದನ್ನೂ ಬಿಡಬಾರದು. ಕೈಗೆ ಹೇಳಿದ ಉಪಚಾರ ಕಣ್ಣಿಗೆ ಹೊಂದುವುದಿಲ್ಲ. ತೊಳೆದ ಮೇಲೂ ನೋವು, ಮಂಜು, ಬೆಳಕು ನೋಡಲಾಗದಿರುವುದು ಇದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ. ಚಿಕ್ಕ ಮಕ್ಕಳಾದರೆ ಕಾಯಲೇಬೇಡಿ.

'ನಂಗೇನೂ ಆಗಲ್ಲ' ಅನ್ನುವವರ ಕೈ

ವರ್ಷಗಟ್ಟಲೆ ಖಾರ ಮುಟ್ಟಿದವರ ಕೈ ಅಷ್ಟಾಗಿ ಉರಿಯುವುದಿಲ್ಲ. ಇದು ಸುಳ್ಳಲ್ಲ. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದರೆ ಆ ಜಾಗದ ನರ ದಣಿದು ಸುಮ್ಮನಾಗುತ್ತದೆ. ಕೀಲುನೋವಿಗೆ ಹಚ್ಚುವ ಕೆಲವು ಮುಲಾಮುಗಳಲ್ಲಿ ಇದೇ ವಸ್ತುವನ್ನು ಬಳಸುವುದೂ ಅದಕ್ಕೇ. ಆದರೆ ಉರಿ ಗೊತ್ತಾಗದಿದ್ದರೂ ಕೈಯಲ್ಲಿ ಖಾರ ಇದ್ದೇ ಇರುತ್ತದೆ! ಅಜ್ಜಿಯ ಕೈಗೆ ಏನೂ ಆಗಲಿಲ್ಲ, ಅದೇ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡ ಕೂಸು ಕಿರುಚಿಕೊಂಡಿತು ಎಂದರೆ ದೃಷ್ಟಿ ತೆಗೆಯುವ ಮೊದಲು ಅಜ್ಜಿ ಬೆಳಗ್ಗೆ ಏನು ಬಿಡಿಸಿದರು ಅಂತ ಕೇಳಿ. ಅಭ್ಯಾಸವಾದ ಕೈಯವರು ಇನ್ನೊಂದು ಸಲ ಹೆಚ್ಚೇ ತೊಳೆಯಬೇಕು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಎರಡು ಕೆ.ಜಿ. ಮೆಣಸಿನಕಾಯಿ ಬಿಡಿಸುವ ಕೆಲಸ ಹೋಗುವುದು ಮನೆಗೆಲಸದವರ ಪಾಲಿಗೆ. ದಿನವಿಡೀ ನೀರು, ಸೋಪಿನಲ್ಲಿ ನೆಂದು ಬಿರಿದ ಕೈ ಅವರದು. ಆ ಬಿರುಕಿಗೆ ಖಾರ ಹೋದರೆ? ಅಲ್ಲಿಂದ ಇನ್ನೂ ಮೂರು ಮನೆಯ ಪಾತ್ರೆ ತೊಳೆಯಬೇಕು, ರಾತ್ರಿ ತಮ್ಮ ಮನೆಯಲ್ಲಿ ಅಡುಗೆಯೂ ಆಗಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಂತೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯಲ್ಲೇ ಸಂಸಾರ ತೂಗಿಸುವ ಹೆಂಗಸರಿದ್ದಾರೆ. ನಮ್ಮ ಡಬ್ಬಿಯ ಕೆಂಪು ಪುಡಿಯ ಹಿಂದೆ ಅವರ ಬೆರಳುಗಳಿವೆ. ಅಲ್ಲಿಯವರೆಗೆ ನಮ್ಮ ಕೈ ಚಾಚದಿರಬಹುದು. ನಮ್ಮ ಮನೆಯಲ್ಲಿ ಕೂತು ಬಿಡಿಸುವವರಿಗಾದರೂ ಒಂದು ಜೊತೆ ಗ್ಲೌಸ್ ಕೊಡಬಹುದಲ್ಲ? ಹಾಕಿಕೊಳ್ಳಲು ಸಂಕೋಚಪಟ್ಟರೆ ನೀವೂ ಹಾಕಿಕೊಂಡು ಪಕ್ಕದಲ್ಲಿ ಕೂರಿ. ಕೆಲಸವೂ ಬೇಗ ಮುಗಿಯುತ್ತದೆ.

ನೆನಪಿಡಿ

* ಮುಟ್ಟುವ ಮೊದಲು: ಲೆನ್ಸ್, ಉಂಗುರ ತೆಗೆಯಿರಿ. ಗಾಯವಿದ್ದರೆ ಗ್ಲೌಸ್ ಕಡ್ಡಾಯ.

* ಮುಟ್ಟುವಾಗ: ತೊಟ್ಟೇ ಹಿಡಿ, ಚಮಚವೇ ಉಗುರು. ಮುಖ, ಫೋನು, ಸೆರಗು ಮುಟ್ಟಬೇಡಿ.

* ಮುಟ್ಟಿದ ಮೇಲೆ: ಎಣ್ಣೆ, ಒರೆಸು, ಲಿಕ್ವಿಡ್, ತಣ್ಣೀರು. ಇದೇ ಕ್ರಮ.

* ಉರಿದರೆ: ತಣ್ಣನೆಯ ಹಾಲು, ಮೊಸರು. ಬಿಸಿನೀರು ಬೇಡ.

* ಕಣ್ಣಿಗೆ: ಬರೀ ನೀರು, ಹತ್ತು ಹದಿನೈದು ನಿಮಿಷ.